ಸೋಮವಾರದ ಏಡಿ, ಮಂಗಳವಾರದ ಮುದ್ದೆ

ಅರಸೀಕೆರೆ ಜಂಕ್ಷನ್ನಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ರೈಲ್ವೆ ಗೇಟಿನಾಚೆಯ ಓಣಿಯಲ್ಲಿ ಒಂದೇ ಒಂದು ಅಡುಗೆಮನೆಯ ದೀಪ ಉರಿಯುತ್ತಿದೆ. ಅಲ್ಲಿಂದ ಹೊರಟ ಧನಿಯಾ ಹುರಿದ ಘಮ, ಮೊದಲ ರೈಲಿಗೆ ಓಡುವವರ ಮೂಗು ಹಿಡಿದು ನಿಲ್ಲಿಸುತ್ತಿದೆ. ಒಲೆ ಮುಂದೆ ನಿಂತವರು ಮಾಲಿನಿ, ವಯಸ್ಸು ನಲವತ್ತಾರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಣಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಆಡಿಸುತ್ತಿದ್ದಾರೆ. ಕಾಲ ಬಳಿ ಚೀಲ ತುಂಬ ರಾಗಿಹಿಟ್ಟು, ಡಬ್ಬಿ ತುಂಬ ಹುಣಸೆಹಣ್ಣು, ಎರಡೆರಡು ಸುತ್ತು ಪ್ಲಾಸ್ಟಿಕ್ ಹೊದ್ದ ಚಟ್ನಿಪುಡಿ. ಯಾರದೋ ಮದುವೆ ಇರಬೇಕು ಅಂದುಕೊಂಡರೆ ಮೋಸ ಹೋದಿರಿ. ಇದಿಷ್ಟೂ ಇವತ್ತು ಸಂಜೆ ಹೊರಟು, ನಾಳೆ ವಿಮಾನ ಹತ್ತಿ ಅಂಡಮಾನಿಗೆ ಹೋಗುವ ಸಾಮಾನು.

"ಅಲ್ಲೇನು ಹೋಟ್ಲಿಲ್ವೇನೇ? ಇದ್ನೆಲ್ಲಾ ಹೊತ್ಕಂಡು ಸಾಯ್ತೀಯಲ್ಲ" ಎಂದು ಒಳಗಿನಿಂದ ಕೆಮ್ಮುತ್ತಾ ಗೊಣಗುವವರು ಅವರ ತಾಯಿ ದ್ಯಾವಮ್ಮ.

"ಹೋಟ್ಲು ಐತೆ ಅಂತ್ಲೇ ಇದು ಬೇಕು ಕಣವ್ವ" ಎನ್ನುತ್ತಾರೆ ಮಾಲಿನಿ, ಬಾಣಲೆಯಿಂದ ಕಣ್ಣು ತೆಗೆಯದೆ.

ಅರಸೀಕೆರೆ ಬಸ್ ನಿಲ್ದಾಣದ ಹಿಂದಿನ ಸಣ್ಣ ಪ್ರವಾಸ ಕಚೇರಿಯೊಂದು ವರ್ಷಕ್ಕೆ ನಾಲ್ಕೈದು ಸಲ ತಂಡ ಕಟ್ಟಿಕೊಂಡು ಅಂಡಮಾನಿಗೆ ಹೋಗುತ್ತದೆ. ಕಣಕಟ್ಟೆ, ಗೆಂಡೆಹಳ್ಳಿ, ಬೇಲೂರು, ಹಳೇಬೀಡು ಕಡೆಯ ಜನ. ತೆಂಗು, ರಾಗಿ, ಭತ್ತ ಬೆಳೆದು, ಮಕ್ಕಳ ಮದುವೆ ಮುಗಿಸಿ, 'ಒಂದ್ಸಲ ಸಮುದ್ರ ದಾಟಿ ಬರೋಣ' ಎಂದು ಹೊರಟವರು. ಅವರ ಟಿಕೆಟ್ಟು, ರೂಮು, ಹಡಗು ನೋಡಿಕೊಳ್ಳುವುದು ಕಚೇರಿಯ ಮಾಲೀಕ ಶರತ್ಚಂದ್ರ. ಹೊಟ್ಟೆ ನೋಡಿಕೊಳ್ಳುವುದು ಮಾಲಿನಿ. ಈ ಕೆಲಸಕ್ಕೆ ಕಚೇರಿಯ ಫಲಕದಲ್ಲಿ ಹೆಸರಿಲ್ಲ, ಪ್ರವಾಸದ ಫೋಟೊಗಳಲ್ಲಿ ಅವರ ಮುಖವೂ ಇಲ್ಲ. "ನಾನು ಹೋಟ್ಲಿಗೆ ಮುಂಚೆ ಹೋಗೋಳು ಕಣ್ರೀ, ಅಷ್ಟೇ" ಎಂದು ನಗುತ್ತಾರೆ.

ಮುಂಚೆ ಹೋಗುವುದೆಂದರೆ ಏನು? ತಂಡ ಊಟಕ್ಕೆ ಬರುವ ಒಂದು ಗಂಟೆ ಮೊದಲೇ ಆ ಹೋಟೆಲಿನ ಅಡುಗೆಮನೆಗೆ ನುಗ್ಗುವುದು. ಬೇಳೆ ಎಷ್ಟು ಬೆಂದಿದೆ ಎಂದು ಹಿಚುಕಿ ನೋಡುವುದು. ಅಡುಗೆಯವನ ಊರು, ಮನೆ, ಮಕ್ಕಳ ಸಮಾಚಾರ ಕೇಳಿ, ಅವನು ಸ್ವಲ್ಪ ಮೆತ್ತಗಾದ ಮೇಲೆ ಚೀಲದಿಂದ ಸಾರಿನ ಪುಡಿ ತೆಗೆದು, "ಅಣ್ಣ, ಇದೊಂಚೂರು ಹಾಕು" ಎನ್ನುವುದು. ಬಂಗಾಳಿ ಮೆಸ್ಸಾದರೆ ಒಂದಿಷ್ಟು ಬಂಗಾಳಿ, ತಮಿಳು ಟಿಫನ್ ಹೋಟೆಲಾದರೆ ತಮಿಳು, ತೆಲುಗಿನವರ ಮೆಸ್ಸಿನಲ್ಲಿ ತೆಲುಗು, ಪಂಜಾಬಿ ಧಾಬಾದಲ್ಲಿ ಹಿಂದಿ. ಇಷ್ಟೊಂದು ಭಾಷೆ ಎಲ್ಲಿ ಕಲಿತಿರಿ ಎಂದರೆ ಕಿಟಕಿಯಾಚೆ ಕೈ ತೋರಿಸುತ್ತಾರೆ. ಅಪ್ಪ ಹೊನ್ನಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ರೈಲ್ವೆ ಕ್ವಾರ್ಟರ್ಸಿನ ನಲ್ಲಿ ಮುಂದೆ ದೇಶದ ಎಲ್ಲ ಭಾಷೆಯಲ್ಲೂ ಜಗಳ ನಡೆಯುತ್ತಿತ್ತು. "ಬಯ್ಸಿಕೊಂಡೇ ಕಲ್ತೆ" ಎನ್ನುತ್ತಾರೆ.

ವಿಮಾನ ನಿಲ್ದಾಣದ ಕಥೆಯಂತೂ ಕೇಳಬೇಡಿ. ಮೊದಲ ಸಲ ರಾಗಿಹಿಟ್ಟಿನ ಚೀಲ ನೋಡಿ ಕಾವಲಿನವರು ಮಾಲಿನಿಯನ್ನು ಪಕ್ಕಕ್ಕೆ ಕರೆದು ನಿಲ್ಲಿಸಿದ್ದರು. ಏನಿದು, ಯಾತಕ್ಕೆ, ಎಲ್ಲಿಂದ ಬಂತು ಎಂಬ ಪ್ರಶ್ನೆಗಳ ಸುರಿಮಳೆ. ಮಾಲಿನಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿ, "ತಿನ್ನೋದು ಸಾರ್, ನೀವೂ ನೋಡಿ" ಎಂದು ಅವರ ಮುಂದೆ ಹಿಡಿದರಂತೆ. ಅವರಲ್ಲಿ ಮಂಡ್ಯದವನೊಬ್ಬ ಇದ್ದು, "ಬಿಡ್ರೀ, ನಮ್ಮವ್ವನ ನೆನಪು ಮಾಡ್ಬುಟ್ರಿ" ಎಂದು ಕಳಿಸಿಕೊಟ್ಟನಂತೆ. ಈಗ ಆ ಹಿಟ್ಟಿಗೆ ಅಲ್ಲಿ ಅಷ್ಟು ಕಾಟವಿಲ್ಲ.

ಇನ್ನು ದ್ವೀಪ. ಪೋರ್ಟ್‌ಬ್ಲೇರಿನಲ್ಲಿ ಇಳಿದ ದಿನ ಬಂಗಾಳಿ ಮೆಸ್ಸು. ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮವರ ಮುಖ ಔಷಧಿ ಕುಡಿದವರ ಹಾಗಾಗುತ್ತದೆ. ಮಾರನೆಯ ಬೆಳಿಗ್ಗೆ ತಮಿಳು ಹೋಟೆಲಿನ ಇಡ್ಲಿ ಸಾಂಬಾರು ಬಂದಾಗ ಎಲ್ಲರೂ ತವರಿಗೆ ಬಂದಂತೆ ಬೀಗುತ್ತಾರೆ. ಮಧ್ಯಾಹ್ನ ತೆಲುಗಿನವರ ಗೋಂಗೂರ ಚಟ್ನಿ ತಿಂದು ಕಣ್ಣು ಮೂಗಲ್ಲಿ ನೀರು. ಹ್ಯಾವ್‌ಲಾಕ್ ದ್ವೀಪಕ್ಕೆ ಹೋದರೆ ಮರಳ ಮೇಲೇ ಮೇಜು ಹಾಕಿರುವ ಹೋಟೆಲುಗಳು. ಅಲ್ಲಿ ತಲೆ, ಬಾಲ, ಕಣ್ಣು ಸಮೇತ ಸುಟ್ಟ ಮೀನು ತಟ್ಟೆಯಲ್ಲಿ ಮಲಗಿ ಬರುತ್ತದೆ, ಪಕ್ಕದ ಮೇಜಿಗೆ ಬೆಣ್ಣೆ ಸುರಿದ ಪಾಸ್ತಾ ಬರುತ್ತದೆ. ಒಬ್ಬರು ಅದನ್ನು ಫೋರ್ಕಿನಿಂದ ಎತ್ತಿ, ಜಡೆ ಬಿಡಿಸುವವರ ಹಾಗೆ ಬಿಡಿಸಿ ನೋಡಿ, "ಶಾವಿಗೆಗೆ ಒಗ್ಗರಣೆ ಹಾಕೋದ್ ಮರ್ತವ್ರೆ" ಎಂದು ತೀರ್ಪು ಕೊಟ್ಟರಂತೆ.

ಇದಕ್ಕೆ ಮಾಲಿನಿ ಬೇಜಾರು ಮಾಡಿಕೊಳ್ಳುವುದಿಲ್ಲ. ಈ ಕೆಲಸಕ್ಕೆ ಬರುವ ಮುಂಚೆ ಹಳೇಬೀಡಿನಲ್ಲಿ, ದೇವಸ್ಥಾನದ ದಾರಿಯ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಿದ್ದವರು ಅವರು. "ಹೊರಗಿನ ದೇಶದೋರು ಬಂದು ನಮ್ ಮುದ್ದೆ ನೋಡಿ ಎಂಗೆ ಮುಖ ಮಾಡೋರು ಅಂತೀರಾ! ಒಬ್ಬಮ್ಮ ಚಾಕು ತಗೊಂಡು ಕುಯ್ದು ಕುಯ್ದು ತಿಂದ್ಲು. ಈಗ ಅಲ್ಲಿ ನಮ್ಮೋರು ಪಾಸ್ತಾ ನೋಡಿ ಅಂಗೇ ಮಾಡ್ತಾರೆ. ಹೊಸ ಊಟ ಅಂದ್ರೆ ಎಲ್ರಿಗೂ ಭಯಾನೇ ಕಣ್ರೀ" ಎನ್ನುತ್ತಾರೆ.

ಹ್ಯಾವ್‌ಲಾಕಿನ ದಂಡೆ ಹೋಟೆಲುಗಳಲ್ಲಿ ಊಟದ ಜಾಗಕ್ಕೆ ಗೋಡೆ ಇರುವುದಿಲ್ಲ. ತಂಡದಲ್ಲೋ ಅರ್ಧ ಜನ ಮೀನಿಗೆ ಜೀವ ಬಿಡುವವರು, ಇನ್ನರ್ಧ ಅದರ ವಾಸನೆಗೇ ಎದ್ದು ಹೋಗುವವರು. ಮಾಲಿನಿ ಕಂಡುಕೊಂಡ ಉಪಾಯ ಸರಳ. ಮೇಜು ಹಾಕಿಸುವ ಮುಂಚೆ ಟವೆಲಿನ ತುದಿ ಹಿಡಿದು ನಿಲ್ಲುತ್ತಾರೆ. ಅದು ಯಾವ ಕಡೆ ಹಾರುತ್ತದೋ ಆ ಕಡೆ ಮೀನಿನ ಮೇಜು, ಗಾಳಿ ಬರುವ ಕಡೆ ತರಕಾರಿಯವರ ಮೇಜು. ಒಂದು ಸಲ ಊಟದ ನಡುವೆ ಗಾಳಿ ತಿರುಗಿ, ಹಿರಿಯರೆಲ್ಲ ತಟ್ಟೆ ಕೈಯಲ್ಲಿ ಹಿಡಿದು ಸಾಲಾಗಿ ಆಚೆ ಕಡೆಗೆ ವಲಸೆ ಹೋದರಂತೆ. ಅದನ್ನು ಹೇಳುವಾಗ ಮಾಲಿನಿ ನಕ್ಕು ನಕ್ಕು ಸೌಟು ಕೆಳಗಿಡುತ್ತಾರೆ.

ಈಗ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮಾಲಿನಿ ಹುಟ್ಟಿದ ಕೇರಿ ಯಾವುದು ಎಂಬುದು ತಾಲ್ಲೂಕಿಗೇ ಗೊತ್ತು. ಹೊನ್ನಯ್ಯನವರು ಬುದ್ಧನ ದೀಕ್ಷೆ ತೆಗೆದುಕೊಂಡು ಮನೆಯ ಗೋಡೆಗೆ ಬುದ್ಧನ ಪಟ ಹಾಕಿದ್ದೂ ಗೊತ್ತು. ಶರತ್ಚಂದ್ರ ಅವರು ಮೊದಲು ನಡೆಸುತ್ತಿದ್ದ ರೈಲು ಯಾತ್ರೆಗಳಲ್ಲಿ ಒಲೆ, ಪಾತ್ರೆ, ಭಟ್ಟರು ಎಲ್ಲ ಜೊತೆಗೇ ಹೋಗುತ್ತಿದ್ದರು. ಮಾಲಿನಿಗೆ ಆಗ ಪಾತ್ರೆ ತೊಳೆಯುವ ಕೆಲಸ. ಈರುಳ್ಳಿ ಹೆಚ್ಚಲೂ ಒಳಗೆ ಕರೆಯಲಿಲ್ಲ. ವಿಮಾನದ ಪ್ರವಾಸ ಶುರುವಾದ ಮೇಲೆ ಒಲೆ ಒಯ್ಯುವಂತಿಲ್ಲ, ಭಟ್ಟರು ಊರಲ್ಲೇ ಉಳಿದರು. ನಾಲ್ಕು ಭಾಷೆ ಬಲ್ಲ ಮಾಲಿನಿಗೆ ಹೊಟ್ಟೆಯ ಉಸ್ತುವಾರಿ ಬಂತು. ಆದರೆ ಮೊದಲ ದಿನವೇ ಶರತ್ಚಂದ್ರ ಮೆತ್ತಗೆ ಒಂದು ಮಾತು ಹೇಳಿದ್ದರು: "ನೀವು ಹೇಳಿ ಮಾಡ್ಸಿ ಮಾಲಿನಿಯವರೇ. ಸೌಟು ಮಾತ್ರ ಹೋಟ್ಲಿನೋರ ಕೈಲೇ ಇರ್ಲಿ."

ಅರ್ಥವಾಗದ ಮಾತೇನಲ್ಲ. ಅಂದಿನಿಂದ ಮಾಲಿನಿ ದ್ವೀಪದ ಯಾವ ಅಡುಗೆಮನೆಯಲ್ಲೂ ಸೌಟು ಹಿಡಿದವರಲ್ಲ. ಮುದ್ದೆ ಬೇಕೆಂದು ತಂಡ ಹಟ ಹಿಡಿದರೆ ಬಂಗಾಳಿ ಅಡುಗೆಯವನ ಪಕ್ಕ ನಿಂತು, ಬಾಯಲ್ಲೇ ಹೇಳಿ ತಿರುವಿಸುತ್ತಿದ್ದರು. ಅವನು ತಿರುವಿದ ಮುದ್ದೆಯಲ್ಲಿ ಗಂಟೇ ಗಂಟು. ನಮ್ಮವರು ಆ ಗಂಟುಗಳನ್ನೆಲ್ಲ ತೆಪ್ಪಗೆ ನುಂಗುತ್ತಿದ್ದರು. "ಬೇಯ್ಸೋನು ಯಾವ ಜಾತಿ, ಯಾವ ದೇಶ ಅಂತ ಅಲ್ಲಿ ಒಬ್ರೂ ಕೇಳಿಲ್ಲ. ಹೋಟ್ಲು ಅಂದ್ರೆ ಎಲ್ಲಾ ಸರಿ. ನನ್ ಕೈ ಮಾತ್ರ ಎಲ್ರಿಗೂ ಗೊತ್ತು" ಎಂದು ಹೇಳುವಾಗ ಮಾಲಿನಿಯ ದನಿ ಏರುವುದಿಲ್ಲ. ಕೇಳುವವರಿಗೇ ಉರಿಯುತ್ತದೆ.

ಕಳೆದ ಸಲದ ಪ್ರವಾಸದಲ್ಲಿ ಗೆಂಡೆಹಳ್ಳಿಯ ಅನುಸೂಯಮ್ಮ ಇದ್ದರು. ಗದ್ದೆ, ತೋಟ, ಆಳುಕಾಳು ಎಲ್ಲ ಕಂಡ ಮನೆಯ ಗಟ್ಟಿಗಿತ್ತಿ. ಗಂಡ ರಾಮಣ್ಣನವರು ಜೊತೆಗಿದ್ದರೂ ತಂಡದ ಯಜಮಾನಿಕೆ ಆಕೆಯದೇ. ಈ ಅಮ್ಮನಿಗೆ ದ್ವೀಪದ ಒಂದು ಊಟವೂ ಒಗ್ಗಲಿಲ್ಲ. ಬಂಗಾಳಿ ಮೀನಿಗೆ 'ಕೂದಲಿಗೆ ಹಚ್ಚೋ ಎಣ್ಣೆ' ಎಂದರು. ಧಾಬಾದ ರೊಟ್ಟಿ ಎತ್ತಿ ಹಿಡಿದು, ಕಾಲೊರಸುವುದಕ್ಕೆ ಅಡ್ಡಿಯಿಲ್ಲ ಎಂದರು. ಅವರಿಗೆ ಸರಿಸಾಟಿ ಎಂದರೆ ಕಣಕಟ್ಟೆಯ ತೆಂಗಿನಕಾಯಿ ವ್ಯಾಪಾರಿ ಏಕಾಂತಯ್ಯ. ಎಪ್ಪತ್ತರ ಹಿರಿಯರು, ಮೊಟ್ಟೆ ಕೂಡ ಮುಟ್ಟದವರು. ಯಾವ ಹೋಟೆಲಿಗೆ ಹೋದರೂ ಅಡುಗೆಮನೆಯಿಂದ ಒಂದು ಕಾಯಿ ತರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಜನ್ಮದಲ್ಲಿ ಕೊಬ್ಬರಿ ಆಗಲ್ಲ" ಎಂದು ವಾಪಸು ಕೊಡುತ್ತಿದ್ದರು. ಇಂಥವರನ್ನೆಲ್ಲ ಸಂಭಾಳಿಸುವುದು ಮಾಲಿನಿಯ ದಿನಚರಿ.

ಮೊಸರನ್ನ, ಬಿಸ್ಕತ್ತಿನಲ್ಲೇ ದಿನ ತಳ್ಳುತ್ತಿದ್ದ ಅನುಸೂಯಮ್ಮನಿಗೆ ಇದ್ದದ್ದು ಒಂದೇ ಆಸೆ, ಏಡಿ. ಹ್ಯಾವ್‌ಲಾಕಿನಲ್ಲಿ ಬಿಮಲ್ ದಾಸ್ ಎಂಬುವರ ದಂಡೆ ಹೋಟೆಲಿನ ಏಡಿ ಊಟವೆಂದರೆ ಪ್ರವಾಸಕ್ಕೇ ಕಳಶ. ಮಾಲಿನಿ ಊರಿನಿಂದಲೇ ಫೋನು ಮಾಡಿ ದಿನ ಗೊತ್ತು ಮಾಡಿದ್ದರು. ಬಿಮಲ್ ಒಂದು ದಿನ ಹೇಳಿದಾಗ ಕ್ಯಾಲೆಂಡರ್ ನೋಡಿದರೆ ಅವತ್ತು ಅಮಾವಾಸ್ಯೆ. ಅಮಾವಾಸ್ಯೆಯಲ್ಲಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಾಡೂಟ ಮಾಡುವುದಿಲ್ಲ. "ಅವತ್ತು ಬೇಡ ದಾದಾ, ಮಾರನೇ ದಿನ ಇಟ್ಕೊಳ್ಳಿ" ಎಂದು ಜಾಣತನ ಮಾಡಿದರು. ಅಮಾವಾಸ್ಯೆಯ ಕಪ್ಪು ಚುಕ್ಕೆ ನೋಡಿದವರು ಅದರ ಪಕ್ಕದ ಚೌಕದಲ್ಲಿ ಯಾವ ವಾರ ಎಂದು ನೋಡಲಿಲ್ಲ.

ಆ ಸಂಜೆ ಗಾಳಿ ಹದವಾಗಿತ್ತು. ಟವೆಲ್ ಹಿಡಿದು ನೋಡಿ ಮೇಜು ಹಾಕಿಸಿದ್ದಾಗಿತ್ತು. ಬಿಮಲ್ ದಾಸ್ ಖುಷಿಯಿಂದ, ಹಗ್ಗ ಬಿಗಿದ ದೊಡ್ಡ ದೊಡ್ಡ ಜೀವಂತ ಏಡಿಗಳನ್ನು ಬುಟ್ಟಿಯಲ್ಲಿ ತಂದು ಮೇಜಿನ ಮೇಲೇ ಇಟ್ಟರು. ಒಂದೊಂದೂ ಅಂಗೈಗಿಂತ ಅಗಲ. ರಾಮಣ್ಣನವರು ಆಹಾ ಎಂದರು. ಅನುಸೂಯಮ್ಮ ಒಂದನ್ನು ಎತ್ತಿ ತೂಕ ನೋಡಿದವರು, ಅದೇನು ಹೊಳೆಯಿತೋ, ಹಾಗೇ ನಿಂತುಬಿಟ್ಟರು.

"ಅಲ್ಲಾ ಕಣ್ರೀ, ಇವತ್ತು ಸೋಮ್ವಾರ ಅಲ್ವಾ?"

ಏಡಿ ಬುಟ್ಟಿಗೆ ಬಿತ್ತು. ಮೇಜಿನ ಸುತ್ತ ಚಾಚಿದ್ದ ಕೈಗಳೆಲ್ಲ ಒಂದೇ ಸಲ ಹಿಂದಕ್ಕೆ ಹೋದವು. ಸೋಮವಾರವೆಂದರೆ ಆ ಮನೆಗಳಲ್ಲಿ ದೇವರ ವಾರ, ಮಾಂಸದ ಪಾತ್ರೆಯನ್ನೂ ಕೆಳಗಿಳಿಸುವುದಿಲ್ಲ. ದ್ವೀಪಕ್ಕೆ ಬಂದು ವಾರವೇ ಮರೆತುಹೋಗಿತ್ತು ಎಲ್ಲರಿಗೂ. ಮರೆಯಬಾರದಿದ್ದವರು ಮಾಲಿನಿ. ಅವರು ನಾಲಿಗೆ ಕಚ್ಚಿಕೊಂಡರು. ತಪ್ಪಾಯ್ತು ಎಂದು ಬಾಯಿ ತೆರೆಯುವಷ್ಟರಲ್ಲಿ ಅನುಸೂಯಮ್ಮ ಆಡಿಯೇಬಿಟ್ಟರು: "ನಿಮ್ ಮನೇಲಿ ವಾರ ಇಲ್ಲ, ವ್ರತ ಇಲ್ಲ. ನಿಂಗೆಂಗೆ ಗೊತ್ತಾಯ್ತದೆ ಬಿಡು."

ಎಲ್ಲರೂ ಬೇಳೆಸಾರು, ಆಲೂಗಡ್ಡೆ ಪಲ್ಯ ತಿಂದು ಎದ್ದರು. "ಆ ಮಾತು ಚುಚ್ತು ಕಣ್ರೀ. ಸುಳ್ಳು ಯಾಕೇಳ್ಲಿ. ತಪ್ಪು ನಂದೇ, ಬಯ್ಲಿ, ಬೇಡ ಅನ್ನಲ್ಲ. ಮನೆ ಹೆಸ್ರು ಎತ್ಬಾರ್ದಿತ್ತು" ಎನ್ನುತ್ತಾರೆ ಮಾಲಿನಿ.

ಅತ್ತ ಬಿಮಲ್ ದಾಸ್ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮಾಲಿನಿಯ ಮಾತು ನಂಬಿ, ದಂಡೆಯ ಮೀನುಗಾರರನ್ನೆಲ್ಲ ಕಾಡಿ ಬೇಡಿ ಒಟ್ಟುಮಾಡಿದ ಏಡಿಗಳು. ನಾಳೆ ಬೆಳಿಗ್ಗೆ ತಂಡ ಹಡಗು ಹತ್ತಿ ಹೋಗಿಬಿಡುತ್ತದೆ. ಮಾಲಿನಿ ಅವರ ಮುಂದೆ ಹೋಗಿ ನಿಂತು ಕೇಳಿದ್ದು ಒಂದೇ ಮಾತು: ಇವು ಬೆಳಗಿನವರೆಗೆ ಬದುಕಿರುತ್ತವಾ?

ಒದ್ದೆ ಗೋಣಿಚೀಲ ಹೊದಿಸಿದರೆ ಬದುಕುತ್ತವೆ, ಆದರೆ ಬೇಯಿಸುವವರು ಯಾರು, ಅಡುಗೆಯವನು ಬರುವುದೇ ಮಧ್ಯಾಹ್ನ ಎಂದರು ಬಿಮಲ್. ನಾನಿದ್ದೀನಿ ಎಂದು ಮಾಲಿನಿಯ ಬಾಯಿಂದ ಬಂದೇಬಿಟ್ಟಿತು. ಬಂದ ಮೇಲೆ ಒಲೆಯ ಕಡೆ ತಿರುಗಿ ನೋಡಿದರಂತೆ. ಆ ಹೋಟೆಲಿನ ಅಡುಗೆಮನೆಗೆ ಮೂರೇ ಗೋಡೆ. ನಾಲ್ಕನೆಯ ಕಡೆ ಊಟದ ಮೇಜುಗಳು. ಸೌಟು ಯಾರ ಕೈಯಲ್ಲಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ.

ವಿಷಯ ತಿಳಿದು ಶರತ್ಚಂದ್ರ ಓಡಿ ಬಂದರು. ಕೆಟ್ಟ ಮನುಷ್ಯನೇನಲ್ಲ, ಹೆದರಿದ ಮನುಷ್ಯ. "ನೀವು ಬೇಗ ಮಾಡಿಟ್ಟು ಈಚೆ ಬಂದ್ಬಿಡಿ. ಬಿಮಲ್ ದಾಸ್ ಕಡೆಯೋರು ಮಾಡಿದ್ದು ಅಂತ ಹೇಳೋಣ. ಯಾರಿಗೂ ಮುಜುಗರ ಆಗಲ್ಲ" ಎಂದರು.

ಮಾಲಿನಿ ಕಡ್ಡಿ ಮುರಿದಂತೆ ಹೇಳಿದರು: "ಸುಳ್ಳೇಳಿ ಉಣ್ಸೋದಾದ್ರೆ ಏಡಿನ ವಾಪಸು ಸಮುದ್ರಕ್ಕೇ ಬಿಟ್ಬುಡಿ ಸಾರ್. ನಾನು ಮಾಡ್ತೀನಿ, ನಾನೇ ಮಾಡ್ದೆ ಅಂತ್ಲೂ ಹೇಳ್ತೀನಿ. ಉಣ್ಣೋರು ಉಣ್ಲಿ."

ಮಂಗಳವಾರ ಬೆಳಿಗ್ಗೆ ಸೂರ್ಯ ನೀರಿನಿಂದ ಮೇಲೇಳುವಾಗ ಮಾಲಿನಿ ಆಗಲೇ ಏಡಿ ಮುರಿದು ತೊಳೆದಾಗಿತ್ತು. ಮುಂಗಾಲಿನ ಕೊಂಬುಗಳನ್ನು ಜಜ್ಜಿ ಬೇರೆ ಇಟ್ಟು, ಸಣ್ಣ ಕಾಲುಗಳನ್ನು ಕುಟ್ಟಿ ರಸ ಹಿಂಡಿ, ಈರುಳ್ಳಿ ಬೆಳ್ಳುಳ್ಳಿ ಸುಟ್ಟು, ಏಕಾಂತಯ್ಯನವರು ತಿರಸ್ಕರಿಸಿದ್ದ ಅದೇ ದ್ವೀಪದ ಕಾಯಿ ತುರಿದು ರುಬ್ಬಿ, ಊರಿನ ಪುಡಿ ಹಾಕಿ ಕುದಿಯಲು ಇಟ್ಟರು. ಮುದ್ದೆಗೆ ಹಿಟ್ಟಿತ್ತು, ತಿರುವಲು ಕೋಲಿರಲಿಲ್ಲ. ಬಿಮಲ್ ದಾಸ್ ಅಲ್ಲಿ ಇಲ್ಲಿ ಹುಡುಕಿ, ಅತಿಥಿಗಳು ಮರಳಲ್ಲಿ ಆಡಲಿ ಎಂದು ತಂದಿಟ್ಟ ಕ್ರಿಕೆಟ್ ಸಾಮಾನಿನಿಂದ ಒಂದು ಹೊಸ ವಿಕೆಟ್ ತಂದುಕೊಟ್ಟರು. ಅದನ್ನೇ ಬಿಸಿನೀರಲ್ಲಿ ಉಜ್ಜಿ ತೊಳೆದು, ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಮಾಲಿನಿ ತಿರುವಿದ್ದೇ ತಿರುವಿದ್ದು. ಒಂದು ಗಂಟಿಲ್ಲದ ಮುದ್ದೆ ಎದ್ದು ಬಂತು.

ಹಡಗಿಗೆ ಹೊರಡುವ ಮುಂಚೆ ತಂಡ ಬಂದು ಕೂತಿತು. ಎಲ್ಲರೂ ನೋಡಿದ್ದರು, ಎಲ್ಲರಿಗೂ ಗೊತ್ತಾಗಿತ್ತು. ಮಾಲಿನಿ ಕೈ ಒರೆಸಿಕೊಂಡು ಮೇಜುಗಳ ಮುಂದೆ ಬಂದು ನಿಂತರು.

"ನೆನ್ನೆ ವಾರ ತಪ್ಪಿಸಿದ್ದು ನಾನು. ಇದನ್ನ ಮಾಡಿರೋಳೂ ನಾನೇ, ಹೋಟ್ಲಿನೋರು ಕೈ ಹಾಕಿಲ್ಲ. ಬೇಕಾದೋರು ಉಣ್ಣಿ. ಬೇಡ ಅನ್ನೋರ್ಗೆ ಬ್ರೆಡ್ ಐತೆ, ಬಾಳೆಹಣ್ಣೈತೆ. ನಂಗೇನೂ ಬೇಜಾರಿಲ್ಲ" ಎಂದರು.

ಬೇಜಾರಿಲ್ಲ ಎಂದದ್ದು ಅಪ್ಪಟ ಸುಳ್ಳು ಎಂದು ಈಗ ಒಪ್ಪಿಕೊಳ್ಳುತ್ತಾರೆ. ಎರಡು ಮನೆಯವರು ಎದ್ದು ಬ್ರೆಡ್ಡಿನ ಕಡೆ ಹೋದರು. ಇನ್ನು ಕೆಲವರು ಅತ್ತಿತ್ತ ನೋಡುತ್ತಾ ಉಗುಳು ನುಂಗಿದರು. ಗಾಳಿ ಬರುವ ಕಡೆಯ ಮೇಜಿನಿಂದ ಒಂದು ಗಂಟಲು ಕೆಮ್ಮಿತು. ಏಕಾಂತಯ್ಯ.

"ಏಡಿಗೀಡಿ ನಂಗೆ ಬೇಡ ಕಣಮ್ಮ. ಆ ಮುದ್ದೆ ಇಲ್ಲಿ ಹಾಕು. ಅನ್ನ ತಿಂದು ತಿಂದು ಹೊಟ್ಟೆ ಸತ್ತೋಗೈತೆ. ಮೊಸ್ರಿದ್ರೆ ಸಾಕು."

ಮೊಟ್ಟೆ ಮುಟ್ಟದ ಆ ಹಿರಿಯರ ತಟ್ಟೆಗೆ ಮೊದಲ ಮುದ್ದೆ ಬಿತ್ತು. ಅವರು ಮುರಿದು, ಮೊಸರಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿ, ಹೂಂ ಎಂದರು. ಅಷ್ಟೇ. ಆದರೆ ಎಲ್ಲರ ಕಣ್ಣು ಇದ್ದದ್ದು ಅನುಸೂಯಮ್ಮನ ಮೇಲೆ. ಆಕೆ ಉಂಡರೆ ತಂಡ ಉಣ್ಣುತ್ತದೆ, ಎದ್ದರೆ ಏಳುತ್ತದೆ. ಆಯಮ್ಮ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು. ಪಕ್ಕದಲ್ಲಿ ರಾಮಣ್ಣನವರು ಹೆಂಡತಿಯನ್ನು ನೋಡುತ್ತಾ, ಕೈ ತೊಳೆದುಕೊಂಡು ಕೂತಿದ್ದರು.

"ಹಾಕು" ಎಂದರು ಅನುಸೂಯಮ್ಮ.

ಮಾಲಿನಿ ಮುದ್ದೆ ಇಟ್ಟು, ಸಾರು ಬಿಟ್ಟು, ದೊಡ್ಡದೊಂದು ಕೊಂಬು ಹಾಕಿದರು. ಅನುಸೂಯಮ್ಮ ತುತ್ತು ಮುರಿದು ಅದ್ದಿ ನುಂಗಿದರು. ಕೊಂಬು ಕಚ್ಚಿ ಸೀಪಿದರು. ಇನ್ನೊಂದು ತುತ್ತು ನುಂಗಿದರು. ಆಮೇಲೆ ತಲೆಯೆತ್ತಿ, ಹುಬ್ಬು ಗಂಟು ಹಾಕಿ ಹೇಳಿದರು: "ಉಪ್ಪು ಒಂದ್ ಕಲ್ಲು ಮುಂದೈತೆ. ಮುದ್ದೆ ಚೆನ್ನಾಗೈತೆ. ಇವ್ರಿಗೂ ಹಾಕು, ಬಾಯಿ ಬಿಟ್ಕಂಡು ನೋಡ್ತಾವ್ರೆ."

ರಾಮಣ್ಣನವರಿಗೆ ಅಷ್ಟು ಸಾಕಾಗಿತ್ತು. ತಂಡದ ಉಳಿದವರಿಗೂ. ಪಾತ್ರೆಯ ತಳ ಕೆರೆಯುವ ಸದ್ದು ಕೇಳಿದ ಮೇಲೆ ಬ್ರೆಡ್ಡಿನ ಕಡೆ ಹೋಗಿದ್ದ ಒಂದು ಮನೆಯವರು ಹಿಂತಿರುಗಿ ಬಂದರು, ಇನ್ನೊಂದು ಮನೆಯವರು ಬರಲೇ ಇಲ್ಲ. ಬಿಮಲ್ ದಾಸ್ ಕೂಡ ಒಂದು ಮುದ್ದೆ ಹಾಕಿಸಿಕೊಂಡು ಅಗಿಯಲು ಹೋಗಿ, ಅದನ್ನು ಅಗಿಯಬಾರದೆಂದು ಆರು ಜನರಿಂದ ಒಟ್ಟಿಗೇ ಪಾಠ ಹೇಳಿಸಿಕೊಂಡರು.

"ಉಪ್ಪು ಜಾಸ್ತಿ ಅಂದ್ರಲ್ಲ, ಅವಾಗ ನಂಗೆ ಸಮಾಧಾನ ಆಯ್ತು" ಎನ್ನುತ್ತಾರೆ ಮಾಲಿನಿ. "ಹೊಗಳಿ ಎದ್ದೋಗಿದ್ರೆ, ಏನೋ ದೊಡ್ಮನ್ಸು ಮಾಡಿ ಉಂಡ್ರು ಅಂತಿದ್ದೆ. ಉಪ್ಪಿನ ತಕರಾರು ತೆಗೆಯೋದು ನಮ್ಮೋರ ಹತ್ರ ಮಾತ್ರ ಅಲ್ವಾ?"

ಊರಿಗೆ ಮರಳಿದ ಮೇಲೆ ಈ ಕಥೆ ಕೇಳಿ ದ್ಯಾವಮ್ಮ ಕಣ್ಣೊರೆಸಿಕೊಂಡರು. ಮಾಲಿನಿಯ ತಮ್ಮ ಭೀಮರಾಜ್‌ಗೆ ಮಾತ್ರ ಸಮಾಧಾನವಾಗಲಿಲ್ಲ. ಬೇಲೂರಿನಲ್ಲಿ ಕಾಲೇಜು ಮೇಷ್ಟ್ರು, ಅಕ್ಕ ತೊಳೆದ ತಟ್ಟೆಗಳಿಂದಲೇ ಓದಿದವನು. ಆ ಋಣಕ್ಕೇ ಇರಬೇಕು, ಅಕ್ಕನ ಈ ಕೆಲಸ ಕಂಡರೆ ಅವನಿಗಾಗದು. "ಅಲ್ಲಿ ಉಂಡ್ರು, ಸರಿ ಅಕ್ಕ. ಸಮುದ್ರದಾಚೆ ನೋಡೋರು ಯಾರಿದ್ರು? ಇಲ್ಲಿ, ಅವ್ರ ಮನೇಲಿ, ಅವ್ರ ನೆಂಟ್ರ ಮುಂದೆ ನಿನ್ನ ಕೂರಿಸ್ಕೊಂಡು ಉಣ್ಣಲಿ, ಆಮೇಲ್ ನೋಡೋಣ" ಎಂದ. ಮಾಲಿನಿಗೆ ಅವನ ಮೇಲೆ ಸಿಟ್ಟು ಬಂತು. ಅವನು ಹೇಳಿದ್ದರಲ್ಲಿ ತಪ್ಪಿಲ್ಲವಲ್ಲ ಎಂದು ಇನ್ನೂ ಸಿಟ್ಟು ಬಂತು. ಆ ಪ್ರಶ್ನೆ ಇಷ್ಟು ದಿನ ಮನೆಯೊಳಗೆ ಹಾಗೇ ಕೂತಿದೆ.

ಈಗ ಬೆಳಕು ಹರಿದ ಓಣಿಯಲ್ಲಿ ಮಕ್ಕಳ ಗಲಾಟೆ ಶುರುವಾಗಿದೆ. ಹುರಿದದ್ದೆಲ್ಲ ಆರಲು ಹರಡಿ ಮಾಲಿನಿ ಕಾಫಿ ಬಗ್ಗಿಸುತ್ತಿದ್ದಾರೆ. ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಎರಡೂ ಕೈ ಮಸಿ, ಸ್ಪೀಕರಿಗೆ ಹಾಕುತ್ತಾರೆ. ಅನುಸೂಯಮ್ಮ. ಫೋನಿನಲ್ಲೂ ಅವರದು ಗದ್ದೆಯಾಚೆಗೆ ಕೂಗುವ ದನಿ.

"ಮಾಲಿನಿ, ಕೇಳಿಸ್ತೈತೇನೇ? ಬರೋ ಭಾನ್ವಾರ ಅಲ್ಲ, ಅದ್ರಾಚೆ ಭಾನ್ವಾರ ದ್ವೀಪಕ್ಕೆ ಬಂದಿದ್ದೋರೆಲ್ಲ ನಮ್ಮನೇಲಿ ಸೇರ್ತಾವ್ರೆ. ನಮ್ ನೆಂಟ್ರೂ ಬತ್ತಾರೆ. ಭಾನ್ವಾರಾನೇ, ಕ್ಯಾಲೆಂಡರ್ ನೋಡೇ ಹೇಳ್ತಿವ್ನಿ, ಅಮಾಸೆನೂ ಇಲ್ಲ. ನೀನ್ ಬೆಳಿಗ್ಗೆನೇ ಬಂದ್ಬುಡು. ಅವತ್ತಿನಂಗೇ ಸಾರು, ಮುದ್ದೆ ನಿಂದೇ. ಹಿತ್ಲಲ್ಲಿ ಒಲೆ ಹೂಡಿಸ್ತೀನಿ."

ದ್ಯಾವಮ್ಮ ಒಳಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಮಾಲಿನಿ ಕಾಫಿ ಲೋಟ ಕೆಳಗಿಡುತ್ತಾರೆ. ಹೂಂ ಅಂದರೆ ಮುಗಿಯಿತು. ಹಿತ್ತಲಿನ ಒಲೆ, ಅಲ್ಲೇ ಬಡಿಸುವುದು, ಎಲ್ಲ ಮುಗಿದ ಮೇಲೆ ಅಲ್ಲೇ ಒಂದು ತಟ್ಟೆ. ಕೆಟ್ಟದ್ದೇನಲ್ಲ, ಮೊದಲಿಗಿಂತ ಎಷ್ಟೋ ಮೇಲು. ನಿಧಾನವಾಗಿ ಮಾತು ಜೋಡಿಸಿಕೊಳ್ಳುತ್ತಾರೆ.

"ಅನುಸೂಯಮ್ಮೋರೇ, ಬತ್ತೀನಿ. ಮಾಡೋಕ್ ಬರಲ್ಲ, ಉಣ್ಣೋಕ್ ಬತ್ತೀನಿ. ಅವತ್ತು ನಾನ್ ಮಾಡ್ದೆ, ನೀವ್ ಉಂಡ್ರಿ. ಈಗ ನೀವ್ ಮಾಡಿ. ಎಲ್ರ ಜೊತೆ ನಂಗೂ ಒಂದೆಲೆ ಹಾಕಿ."

ಫೋನಿನ ಆಚೆ ದನ ಕೂಗಿದ್ದು ಕೇಳುತ್ತದೆ, ಯಾರೋ ಬಕೆಟ್ ಎಳೆದದ್ದು ಕೇಳುತ್ತದೆ. ದ್ಯಾವಮ್ಮ ಬಾಗಿಲು ಹಿಡಿದುಕೊಂಡಿದ್ದಾರೆ. ಕಟ್ಟಾಯಿತೇನೋ ಎಂದು ಮಾಲಿನಿ ಬಗ್ಗಿ ನೋಡುವಷ್ಟರಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು. ಈ ಸಲ ಕೂಗುವ ದನಿಯಲ್ಲ.

"ಹಳ್ಳದ ಏಡಿ ಸಣ್ಣವು ಕಣೇ. ಅಲ್ಲಿವಷ್ಟು ದಪ್ಪ ಇರಲ್ಲ. ಬೈಕೋಬೇಡ."

"ಸಣ್ಣವೇ ರುಚಿ" ಎನ್ನುತ್ತಾರೆ ಮಾಲಿನಿ.

"ನಿಮ್ಮವ್ವನ್ನೂ ಕರ್ಕೊಂಡ್ ಬಾ. ಒಬ್ರನ್ನೇ ಬಿಟ್ಟು ಬರ್ಬೇಡ" ಎಂದು ಫೋನಿಡುತ್ತಾರೆ ಅನುಸೂಯಮ್ಮ.

ಮಾಲಿನಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ. ಮೆಣಸಿನಕಾಯಿ ಘಾಟು ಎಂದು ಹೇಳಬಹುದಿತ್ತು, ಹೇಳುವುದಿಲ್ಲ. ದ್ಯಾವಮ್ಮನಿಗೆ ಆಗಲೇ ಗಡಿಬಿಡಿ. ಬರಿಗೈಲಿ ಹೋಗೋದೆಂಗೆ, ಚಟ್ನಿಪುಡಿ ಕಟ್ಟೋಣವಾ, ಒಂದಿಷ್ಟು ಸಾರಿನ ಪುಡಿನಾದ್ರೂ ಒಯ್ಯೋಣವಾ ಎನ್ನುತ್ತಾ ಡಬ್ಬಿ ಹುಡುಕುತ್ತಿದ್ದಾರೆ.

"ಪುಡಿಗಿಡಿ ಏನೂ ಬೇಡ ಕಣವ್ವ" ಎನ್ನುತ್ತಾರೆ ಮಾಲಿನಿ. "ಒಳ್ಳೆ ಸೀರೆ ಉಟ್ಕೊಂಡು ಹೋಗಾನ. ಕೈ ತೊಳ್ಕೊಂಡು ಎಲೆ ಮುಂದೆ ಕೂತ್ಕಳಾನ. ಅವ್ರು ಬಡ್ಸಲಿ."